ಐಸಣ್ಣನ ಹೊಗೆಪೆಟ್ಟಿಗೆ

ಫ್ರಿಜ್ ರಿಪೇರಿಯವನನ್ನು ಜನ ಐಸಣ್ಣ ಎಂದು ಕರೆದರೆ ಅದರಲ್ಲಿ ಕಲ್ಪನೆಯ ಕೆಲಸವೇನೂ ಇಲ್ಲ. ಆದರೆ ಆ ಹೆಸರು ಅವನಿಗೆ ಅಂಟಿಕೊಂಡದ್ದು ಫ್ರೀಜರಿನ ಗೋಡೆಗೆ ಐಸು ಅಂಟಿಕೊಂಡ ಹಾಗೆ, ಕೆರೆದರೂ ಬರಲಿಲ್ಲ. ಅವನಿಗೆ ಜಗತ್ತಿನಲ್ಲಿದ್ದ ಒಂದೇ ಹಗೆತನ ಸಂದುಗಳ ಮೇಲೆ. ಯಾರ ಮನೆಗೆ ಹೋದರೂ ಕಾಫಿ ಕೈಗೆ ಬರುವ ಮೊದಲೇ ಅಡುಗೆಮನೆಗೆ ನುಗ್ಗಿ, ಫ್ರಿಜ್ಜಿನ ಬಾಗಿಲಿಗೆ ಚೂರು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದು ನೋಡುತ್ತಿದ್ದ. ಕಾಗದ ಸಲೀಸಾಗಿ ಬಂತೋ, ಬಾಗಿಲಿನ ರಬ್ಬರು ಸಡಿಲ ಎಂದೇ ಲೆಕ್ಕ. "ತಂಪು ಸೋರ್ತಾ ಇದೆ ಅಕ್ಕಾ," ಎಂದು ಸಾವಿನ ಸುದ್ದಿ ತಂದವನ ಮುಖ ಮಾಡುತ್ತಿದ್ದ.

ಇಂಥವನ ಕೈಗೆ ಪೆಲೆಟ್ ಗ್ರಿಲ್ ಸಿಕ್ಕಿದ್ದು ಕೂಲರ್ ರಿಪೇರಿಯ ಕೂಲಿಯಾಗಿ. ಹೋಟೆಲಿನವನೊಬ್ಬ ದುಡ್ಡಿನ ಬದಲು ತನ್ನ ಹಳೆಯ ಗ್ರಿಲ್ಲನ್ನೇ ಗಾಡಿಗೇರಿಸಿ ಕಳಿಸಿದ್ದ. ಪೀಪಾಯಿಯಂಥ ಹೊಟ್ಟೆ, ಮೇಲೊಂದು ಚಿಮಣಿ, ಪಕ್ಕಕ್ಕೊಂದು ಡಬ್ಬ. ಮರದ ಹೊಟ್ಟನ್ನು ಒತ್ತಿ ಮಾಡಿದ, ಕೋಳಿ ಮೇವಿನಂಥ ಪೆಲೆಟ್ಟನ್ನು ಡಬ್ಬಕ್ಕೆ ಸುರಿದು ಸ್ವಿಚ್ ಒತ್ತಿದರೆ ಒಳಗಿನ ತಿರುಪು ಅದನ್ನು ಸ್ವಲ್ಪಸ್ವಲ್ಪವೇ ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ, ಫ್ಯಾನು ಊದುತ್ತದೆ, ಮಾಂಸ ಹೊಗೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯುತ್ತದೆ.

ಅದನ್ನು ನೋಡಿದ್ದೇ ತಡ, ಐಸಣ್ಣನಿಗೆ ಮಾವ ನೆನಪಾದರು. ಹೆಂಡತಿಯ ಅಪ್ಪ, ನಿವೃತ್ತ ಬಸ್ ಡ್ರೈವರ್. ಹಂದಿಯ ಪಕ್ಕೆಲುಬು ಅಂದರೆ ಪ್ರಾಣ ಬಿಡುತ್ತಿದ್ದವರು ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ಗಂಜಿ, ಸೂಪು ಬಿಟ್ಟರೆ ಅಗಿಯುತ್ತಿದ್ದದ್ದು ಅಳಿಯನನ್ನು ಮಾತ್ರ. ಮದುವೆಯಾದಂದಿನಿಂದ ಅವನ ಒಂದೇ ಒಂದು ಕೆಲಸವನ್ನೂ ಮೆಚ್ಚಿದವರಲ್ಲ. ಈ ಸಲವಾದರೂ ಮೆಚ್ಚಿಸಲೇಬೇಕು ಎಂದು ಐಸಣ್ಣ ಊಟದ ಮೇಜಿನಲ್ಲಿ ಬಾಯಿಬಿಟ್ಟ.

"ಮಾವ, ಭಾನುವಾರ ಪಕ್ಕೆಲುಬು ಮಾಡ್ತೀನಿ. ಹಲ್ಲೇ ಬೇಡ. ನಾಲಿಗೇಲಿ ಒತ್ತಿದ್ರೆ ಸಾಕು, ಕರಗುತ್ತೆ."

"ನೀನಾ?" ಮಾವ ಚಮಚ ಕೆಳಗಿಟ್ಟರು. "ಜನ್ಮವಿಡೀ ತಣ್ಣಗೆ ಮಾಡ್ಕೊಂಡು ಬಂದೋನು. ಬಿಸಿ ಮಾಡೋದು ನಿನ್ನ ಕೈಲಾಗುತ್ತೇನಯ್ಯಾ?"

"ಆಗುತ್ತೆ ಮಾವ."

"ಆಗ್ದಿದ್ರೆ?"

"ಆಗ್ದಿದ್ರೆ ಅದನ್ನ ಗುಜರಿಗೆ ಹಾಕ್ತಾರೆ ಅಪ್ಪಾ," ಎಂದು ಹೆಂಡತಿಯೇ ತೀರ್ಪು ಕೊಟ್ಟಳು. ಗ್ರಿಲ್ ನಿಂತದ್ದು ಅವಳು ಬಟ್ಟೆ ಒಣಗಿಸುವ ಜಾಗದಲ್ಲಿ.

ಖರ್ಚು ಕೈಮೀರುವಂತಿರಲಿಲ್ಲ. ಚೆಂದಗೆ ಕತ್ತರಿಸಿಟ್ಟ ಪಕ್ಕೆಲುಬಿನ ಕಡೆ ಕಣ್ಣೂ ಹಾಯಿಸದೆ, ಮಾಂಸದಂಗಡಿಯಿಂದ ಕೊಬ್ಬು ಅಂಚುಗಳ ಸಮೇತ ಇಡೀ ಪಕ್ಕೆಯನ್ನೇ ಅಗ್ಗಕ್ಕೆ ತಂದ. ಮನೆಯಲ್ಲೇ ಅಂಚು ಕೊಯ್ದು ಸೂಪಿಗೆ ಕೊಟ್ಟ. ಒಳಪೊರೆಯನ್ನು ಒಣಬಟ್ಟೆಯಲ್ಲಿ ಹಿಡಿದು ಸರ್ರನೆ ಸುಲಿದ. ಉಪ್ಪು, ಮೆಣಸು, ಸಕ್ಕರೆ ಸವರಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪೆಲೆಟ್ ದುಬಾರಿ, ಮತ್ತು ಶನಿವಾರ ಗ್ರಿಲ್ಲನ್ನು ಹಚ್ಚಿ ನೋಡಿದಾಗ ಮುಚ್ಚಳದ ಸುತ್ತಲಿಂದ, ಚಿಮಣಿಯಿಂದ, ಎಲ್ಲೆಲ್ಲಿಂದಲೋ ಹೊಗೆ ಸೋರುತ್ತಿತ್ತು. ಸೋರುವುದು!

ಅಂಗಡಿಯಿಂದ ಓವನ್ ಬಾಗಿಲಿಗೆ ಹಾಕುವ, ಶಾಖಕ್ಕೆ ಸುಡದ ಹುರಿ ತಂದು ಮುಚ್ಚಳದ ಸುತ್ತ ಅಂಟಿಸಿದ. ಕಂಡ ಕಿಂಡಿಗೆಲ್ಲ ತಗಡು ಬಡಿದ. ಚಿಮಣಿಯ ಟೊಪ್ಪಿಯನ್ನು ಕೊನೆಯವರೆಗೂ ತಿರುಗಿಸಿ ಕೂರಿಸಿದ. ಕಾಗದ ಸಿಕ್ಕಿಸಿ ಎಳೆದರೆ ಹರಿಯಿತೇ ಹೊರತು ಬರಲಿಲ್ಲ.

"ಹೊಗೆ ಎಲ್ಲಿಂದ ಹೋಗುತ್ತೆ ರೀ?" ಎಂದಳು ಹೆಂಡತಿ.

"ಯಾಕೆ ಹೋಗ್ಬೇಕು? ಹೊಗೆ ಅಂದ್ರೆ ರುಚಿ ಕಣೇ. ದುಡ್ಡು ಕೊಟ್ಟು ತಂದ ರುಚೀನ ಪಕ್ಕದ ಮನೆಗೆ ಬಿಟ್ಟಿ ಕಳಿಸ್ಲಾ?"

ಬೆಂಕಿಗೂ ಉಸಿರು ಬೇಕೆಂಬುದು ಫ್ರಿಜ್ಜಿನ ವಿದ್ಯೆಯಲ್ಲಿ ಬರುವ ಪಾಠವಲ್ಲ.

ಭಾನುವಾರ ಬೆಳಿಗ್ಗೆಯೇ ಮಾವ ಹಿತ್ತಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಐಸಣ್ಣ ಮಾಂಸವನ್ನು ಒಳಗಿಟ್ಟು ಸ್ವಿಚ್ ಒತ್ತಿದ. ಹೊಗೆಯ ಒಂದೆಳೆಯೂ ಹೊರಬರಲಿಲ್ಲ, ಐಸಣ್ಣ ಉಬ್ಬಿದ. ಒಳಗೆ ಬೆಂಕಿ ಉಸಿರುಕಟ್ಟಿ ಸೊರಗುತ್ತಿತ್ತು. ಬಿಸಿ ಇಳಿದಂತೆಲ್ಲ ಯಂತ್ರ ತನ್ನ ಕರ್ತವ್ಯವೆಂದು ಇನ್ನಷ್ಟು ಪೆಲೆಟ್ ತಳ್ಳಿತು. ಬಟ್ಟಲು ತುಂಬಿ ತುಳುಕಿತು. ಮುಚ್ಚಳದ ಮೇಲೆ ಶಾಖ ತೋರಿಸುವ ಮುಳ್ಳು ಕೆಳಕ್ಕೆ ವಾಲಿತು.

"ಏನಯ್ಯಾ, ಅದು ಬೇಯ್ತಾ ಇದ್ಯೋ, ಮಲಗಿದ್ಯೋ?"

"ನೋಡ್ತೀನಿ ಮಾವ," ಎಂದು ಐಸಣ್ಣ ಮುಚ್ಚಳ ಎತ್ತಿದ.

ಮೊದಲು ಬಂದದ್ದು ಹಿಟ್ಟಿನಷ್ಟು ದಟ್ಟನೆಯ ಬಿಳಿ ಹೊಗೆ. ಹೊಗಳಿಕೆಗೆ ಕಾದವನಿಗೆ ಹೊಗೆಯೇ ದಕ್ಕಿತು ಅಂದುಕೊಳ್ಳುವಷ್ಟರಲ್ಲಿ, ಗಾಳಿ ಕಂಡ ಬೆಂಕಿ ಭುಗ್ಗೆಂದು ಎದ್ದು ಅವನ ಎರಡೂ ಹುಬ್ಬುಗಳನ್ನು ಸವರಿಕೊಂಡು ಹೋಯಿತು. ಮಾವ ಕುರ್ಚಿ ಸಮೇತ ರಿವರ್ಸ್ ತೆಗೆದರು, ಎಷ್ಟಾದರೂ ಡ್ರೈವರ್. ಹೆಂಡತಿ ಓಡಿಬಂದು ಪ್ಲಗ್ ಕಿತ್ತಳು.

"ಈಗ್ಲಾದ್ರೂ ಆ ಹಗ್ಗ ಕೀಳ್ತೀರಾ?"

ಎಲ್ಲ ತಣಿದ ಮೇಲೆ ಐಸಣ್ಣ ಹುರಿಯನ್ನು ಕಿತ್ತ. ತನ್ನ ಬಾಳಿನಲ್ಲೇ ಅಷ್ಟು ಬಿಗಿಯಾಗಿ ಇನ್ನೊಂದನ್ನು ಕೂರಿಸಿರಲಿಲ್ಲ. ಬಿಡಿಸುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಬಟ್ಟಲು ಬಳಿದು, ಚಿಮಣಿ ತೆರೆದು, ಅದೇ ಮಾಂಸವಿಟ್ಟು ಮತ್ತೆ ಹಚ್ಚಿದ. ತೆಳುವಾದ ನೀಲಿ ಹೊಗೆ ಆರಾಮವಾಗಿ ಸೋರತೊಡಗಿತು. ಐಸಣ್ಣ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಆಮೇಲೆ ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮತ್ತೆ ಒಳಗಿಟ್ಟ. ಊಟದ ಹೊತ್ತು ಮೀರಿತು, ಕಾಫಿಯ ಹೊತ್ತೂ ಮೀರಿತು. ಹೆಂಡತಿ ಸೂಪು ತಂದರೆ ಮಾವ ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು. "ಕಾಯ್ತೀನಿ. ಎಲ್ಲಿಗೆ ಹೋಗೋದಿದೆ?"

ಸಂಜೆ ತಟ್ಟೆ ಬಂತು. ಮೂಳೆ ಹಿಡಿದು ಎತ್ತಿದರೆ ಮೂಳೆಯಷ್ಟೇ ಬಂತು. ಮಾಂಸ ತಟ್ಟೆಯಲ್ಲೇ ಉಳಿಯಿತು. ಮಾವ ಹಲ್ಲಿನ ಸೆಟ್ಟನ್ನು ತೆಗೆದು ಲೋಟಕ್ಕೆ ಹಾಕಿದರು. ಒಂದು ಚೂರನ್ನು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ದವಡೆ ಅಲ್ಲಾಡಲಿಲ್ಲ. ಗಂಟಲು ಮಾತ್ರ ಅಲ್ಲಾಡಿತು.

"ಕಹಿ," ಎಂದರು.

"ಬೆಳಿಗ್ಗೆಯ ಹೊಗೆ ಮಾವ..." ಐಸಣ್ಣ ಎದ್ದು ನಿಂತ. "ಬಿಡಿ, ಸೂಪ್ ಬಿಸಿ ಮಾಡಿಸ್ತೀನಿ." ತಟ್ಟೆಗೆ ಕೈ ಚಾಚಿದ.

ಮಾವ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು. "ಕಹಿ ಅಂದೆ. ಬೇಡ ಅಂದ್ನಾ?"

ಎರಡನೆಯ ಚೂರು ಹೋಯಿತು, ಮೂರನೆಯದೂ. ಹೆಂಡತಿ ರುಚಿ ನೋಡೋಣವೆಂದು ತಟ್ಟೆಯ ಅಂಚಿಗೆ ಬೆರಳು ತಂದಳು. ಮಾವ ಕಣ್ಣು ತೆರೆಯದೆಯೇ ಅವಳ ಕೈಗೆ ಪಟ್ಟೆಂದು ಹೊಡೆದರು.

"ನಿಂಗೆ ಹಲ್ಲಿದೆಯಲ್ಲೇ, ಬೇರೆ ಏನಾದ್ರೂ ತಿನ್ನು ಹೋಗು!"