ಇನ್ನೂರಿಪ್ಪತ್ತರಲ್ಲಿ ವಯಸ್ಸು ಕಳೆದರೆ

ಮಂಗಳಾ, ನಿನ್ನ ಹೃದಯಕ್ಕೆ ಏನೂ ಆಗಿರಲಿಲ್ಲ. ನನಗೆ ಗೊತ್ತಿತ್ತು — ಗೊತ್ತಿದ್ದೇ ಸುಳ್ಳು ಹೇಳಿದೆ. ನೀನು ನನ್ನ ಓರಗಿತ್ತಿ. ನಿನ್ನನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಕಾಲು ಹಿಡಿದು ಕ್ಷಮೆ ಕೇಳುವುದಕ್ಕೇನೂ ಇದನ್ನು ಬರೆಯುತ್ತಿಲ್ಲ.

ತುಮಕೂರಿನ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ನೌಕರರ ಕ್ರೀಡಾಕೂಟದಲ್ಲಿ ನಲವತ್ತು ದಾಟಿದ ಹೆಂಗಸರ ಓಟ ಅಂದರೆ ಪ್ರತಿ ವರ್ಷ ನಾನೇ ಮೊದಲು. ನೀನೋ, ಗುಬ್ಬಿ ತಾಲ್ಲೂಕು ಕಚೇರಿಯಲ್ಲಿ ಕೂತು ಫೈಲು ನೋಡುವವಳು, ನಲವತ್ತೆರಡನೇ ವಯಸ್ಸಿಗೆ ಶೂಸ್ ಕೊಂಡವಳು. "ಅಕ್ಕಾ, ನಂಗೂ ಸ್ವಲ್ಪ ಹೇಳ್ಕೊಡಿ" ಅಂತ ಬಂದೆ. ಕೆಲವೇ ತಿಂಗಳಿಗೆ ಅಭ್ಯಾಸದ ಓಟದಲ್ಲಿ ನನ್ನನ್ನೇ ಹಿಂದೆ ಹಾಕಿದೆಯಲ್ಲ! ಅದೂ ನಗುನಗುತ್ತಾ. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಮಂದಿಯೆಲ್ಲ ಹುತ್ರಿದುರ್ಗ ಹತ್ತಿದ ಆ ಭಾನುವಾರ, ಕಡೆಯ ಏರನ್ನು ನೀನು ಓಡಿಯೇ ಹತ್ತಿದೆ. ನಿನ್ನ ಕೈಯ ವಾಚು ಎದೆಬಡಿತ ನೂರ ತೊಂಬತ್ತೊಂದು ಅಂತ ತೋರಿಸಿತು. ನಿನ್ನ ಗಂಡ ಮಹೇಶ ಗಾಬರಿಯಾಗಿ ನನ್ನ ಕಡೆ ತಿರುಗಿದ. "ಅತ್ತಿಗೆ, ಇದು ಜಾಸ್ತಿ ಅಲ್ವಾ?"

ನಮ್ಮನೆಯಲ್ಲಿ ಕಾಲು ಉಳುಕಿದರೂ, ಬಿ.ಪಿ. ಏರಿದರೂ ಮೊದಲು ಕೇಳುವುದು ನನ್ನನ್ನೇ. ಪಿ.ಟಿ. ಟೀಚರ್ ಅಂದರೆ ಅರ್ಧ ಡಾಕ್ಟರ್ ಅಂತ ಎಲ್ಲರ ನಂಬಿಕೆ. ಆ ನಂಬಿಕೆಯ ಮೇಲೆ ನಿಂತುಕೊಂಡು ನಾನು ಹೇಳಿದೆ —

"ಇನ್ನೂರಿಪ್ಪತ್ತರಲ್ಲಿ ಇವ್ಳ ವಯಸ್ಸು ಕಳೆದ್ ನೋಡು. ನೂರ ಎಪ್ಪತ್ತೆಂಟೇ ಮಿತಿ. ದಾಟೈತೆ ಅಂದ್ರೆ ಹಾರ್ಟ್ ತಡ್ಕೊಳ್ತಿಲ್ಲ ಕಣೋ. ಇನ್ಮೇಲೆ ಓಡ್ಸಬೇಡ."

ಆ ಲೆಕ್ಕ ಬರೀ ಅಂದಾಜು, ಮಂಗಳಾ. ಎಷ್ಟೋ ಜನರ ಸರಾಸರಿ, ಅಷ್ಟೆ. ಗಟ್ಟಿಮುಟ್ಟಾಗಿರುವವರಲ್ಲೂ ಹತ್ತು ಹದಿನೈದು ಬಡಿತ ಆಚೆ ಈಚೆ ಆಗುತ್ತದೆ. ಟ್ರೈನಿಂಗಿನಲ್ಲಿ ಇದನ್ನು ಕಲಿತಿದ್ದೆ, ಕ್ಲಾಸಿನಲ್ಲಿ ಮಕ್ಕಳಿಗೂ ಹೇಳಿದ್ದೆ. ನನ್ನದೇ ಬಡಿತ ಎಷ್ಟು ಸಲ ಅದನ್ನು ಮೀರಿಲ್ಲ! ನಿನಗೆ ತಲೆ ಸುತ್ತಿರಲಿಲ್ಲ, ಎದೆ ನೋವಿರಲಿಲ್ಲ. ಆಗಲೇ ಉಸಿರು ಹತೋಟಿಗೆ ಬಂದು ಬಂಡೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದೆ. ನನ್ನ ಮಾತು ಕೇಳಿ ತುತ್ತು ಬಾಯಲ್ಲೇ ಉಳಿಯಿತು.

ಆ ವರ್ಷದ ಕ್ರೀಡಾಕೂಟಕ್ಕೆ ನೀನು ಬರಲಿಲ್ಲ. ನಾನು ಗೆದ್ದೆ — ಥೂ, ಅದೊಂದು ಗೆಲುವು. ಡಾಕ್ಟರು ಟೆಸ್ಟ್ ಮಾಡಿ ಏನೂ ಇಲ್ಲ ಅಂದರು. ಮಹೇಶ ನಂಬಲಿಲ್ಲ. "ಅತ್ತಿಗೆ ಸುಮ್ಸುಮ್ನೆ ಹೇಳ್ತಾರಾ?" ಅಂದ. ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅಂದಿನಿಂದ ನೀನು ಬಿಂದಿಗೆ ಎತ್ತಲಿಲ್ಲ. ಮಹಡಿ ಹತ್ತುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತೀಯ — ಅದನ್ನು ನೋಡಿ ನನಗೆ ಒಳಗೊಳಗೇ... ಖುಷಿಯಾಗುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ನಿನ್ನ ಮಗಳು ಸಿಂಚನ ಓಟಕ್ಕೆ ಆಯ್ಕೆಯಾಗಿ ಕುಣಿಯುತ್ತಾ ಬಂದಳು. ನೀನು ಅವಳ ಕೈ ಹಿಡಿದುಕೊಂಡೆ. "ಬೇಡ ಕಣೇ, ನನ್ನ ಥರದ್ದೇ ಹಾರ್ಟ್ ನಿಂಗೂ ಇದ್ರೆ?" ಮಗು ನನ್ನ ಮುಖ ನೋಡಿತು. ನಾನು ಟೀಚರಲ್ಲವಾ, ನಾನು ಹೇಳಿದ್ದೇ ಸರಿ ಅಲ್ಲವಾ. ನನಗೆ ಆಗದವಳು ನೀನು. ಅವಳೇನು ಮಾಡಿದ್ದಳು?

ನಾಳೆ ಗುಬ್ಬಿಗೆ ಬರುತ್ತೇನೆ. ಅತ್ತೆ, ಮಹೇಶ, ನೀನು, ಸಿಂಚನ — ಎಲ್ಲರನ್ನೂ ಕೂರಿಸಿ ನನ್ನ ಬಾಯಿಂದಲೇ ಹೇಳುತ್ತೇನೆ. ನೀನು ಎಷ್ಟು ಬೇಕಾದರೂ ಬೈಯಿ, ಬೈಸಿಕೊಳ್ಳುತ್ತೇನೆ. ಸಿಂಚನ ನನ್ನನ್ನು ದೊಡ್ಡಮ್ಮ ಅಂತ ಕರೆಯುವುದು ನಾಳೆಗೇ ಕೊನೆಯಾದರೂ, ಹೇಳಿಯೇ ಎದ್ದು ಬರುತ್ತೇನೆ.