ಮೂರು ದಿನ ದೂರ ಕೂತದ್ದು

ಮದುವೆ ಮನೆಗಳಲ್ಲಿ ಹೊಸದಾಗಿ ಪರಿಚಯವಾದವರು ನನ್ನನ್ನು ಕೇಳುವುದು ಒಂದೇ ಮಾತು. "ನಿಮ್ಮೆಜಮಾನ್ರು ಡಾಕ್ಟ್ರಂತಲ್ಲ, ಯಾವ ಡಾಕ್ಟ್ರು?"

"ಔಷಧಿ ಕೊಡೋ ಡಾಕ್ಟ್ರಲ್ಲ, ರಿಸರ್ಚು."

"ಏನ್ ರಿಸರ್ಚು?"

ಇಲ್ಲಿಗೆ ಬಂದಾಗ ನಾನು "ರಕ್ತ ಪರೀಕ್ಷೆ ಅದೂ ಇದೂ" ಎಂದು ಹೇಳಿ ಕೋಸಂಬರಿ ಬಡಿಸುವವರ ಕಡೆ ತಿರುಗಿಬಿಡುತ್ತೇನೆ. ನಿಜ ಹೇಳಬೇಕೆಂದರೆ ಇವರ ಕೆಲಸ ಹೆಂಗಸರ ಗರ್ಭಕೋಶಕ್ಕೆ ತಗಲುವ ಸೋಂಕಿನದು. ಯಾವ ಕ್ರಿಮಿಯಿಂದ ಬಸಿರು ನಿಲ್ಲುವುದಿಲ್ಲ, ಹೆತ್ತವಳಿಗೆ ಯಾಕೆ ಜ್ವರ ಬರುತ್ತದೆ, ತಾಯಿಯ ಕಾಯಿಲೆ ಮಗುವಿಗೆ ದಾಟದ ಹಾಗೆ ಏನು ಮಾಡಬೇಕು, ಇಂಥದ್ದು. ಒಂದು ಸಲ ಇವರ ಸೋದರತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದೆ. "ಅಯ್ಯೋ, ಗಂಡಸಿಗ್ಯಾಕಮ್ಮಾ ಆ ಉಸಾಬರಿ!" ಎಂದು ಅವರು ಪಕ್ಕದ ಎಲೆಯವರ ಜೊತೆ ಮಾತು ಶುರು ಮಾಡಿದರು.

ಮಕ್ಕಳೆಷ್ಟು ಎಂದು ಬಂಧುಗಳು ಯಾರೂ ಕೇಳುವುದಿಲ್ಲ. ಇಲ್ಲವೆಂದು ಎಲ್ಲರಿಗೂ ಗೊತ್ತು. ಒಂದು ಹೊಟ್ಟೆಯಲ್ಲೇ ಹೋದದ್ದೂ ಗೊತ್ತು. ಎರಡನೆಯದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಇವರಿಗೂ. ಅದನ್ನು ಇವರಿಗೆ ಹೇಳಬೇಕೋ, ನನ್ನ ಜೊತೆಗೇ ಹೋಗಲೋ ಎಂಬುದೊಂದನ್ನು ನಾನು ಬಹಳ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದೆ.

ಚಾಮರಾಜಪೇಟೆಯ ನಮ್ಮ ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿದೆ. ಮುಂದೆ ಜಗಲಿ, ನಡುವೆ ಹಜಾರ, ಕೊನೆಗೆ ಅಡಿಗೆಮನೆ, ಅದಕ್ಕೆ ಅಂಟಿಕೊಂಡು ದೇವರ ಗೂಡು. ನಾನು ಸೊಸೆಯಾಗಿ ಬಂದಾಗ ಅತ್ತೆಯವರದು ಕಟ್ಟುನಿಟ್ಟಿನ ಮಡಿ. ಆಗ ಇವರು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿತ್ತಷ್ಟೆ. ಹಳ್ಳಿಗಳ ಕಡೆಯ ಆಸ್ಪತ್ರೆಗಳಿಗೆ ಹೋಗಿ ಬಸುರಿಯರ ರಕ್ತದ, ಸ್ರಾವದ ಸ್ಯಾಂಪಲ್ ತರುತ್ತಿದ್ದರು. ಬರುವುದು ಹೊತ್ತಾದರೆ ನೀಲಿ ಐಸ್ ಬಾಕ್ಸು ನೇರ ಮನೆಗೇ ಬರುತ್ತಿತ್ತು. ಒಳಗೇನಿದೆ ಎಂದು ಅತ್ತೆಗೆ ಗೊತ್ತಾದ ದಿನವೇ ಅದನ್ನು ಜಗಲಿಗೆ ಹಾಕಿಸಿದರು.

"ಯಾರ್ಯಾರ್ದೋ ಮೈಲಿಗೆ ಹೊತ್ಕೊಂಡ್ ಬರ್ತಾನೆ, ಪಿಎಚ್‌ಡಿ ಮಾಡಿದಾನಂತೆ! ಸ್ನಾನ ಮಾಡೋ ಮೊದಲು."

"ಅಮ್ಮಾ, ಅದು ಮುಚ್ಚಿದೆ, ಏನೂ ಆಗಲ್ಲ."

"ನಿಂಗಾಗಲ್ಲ ಕಣೋ, ನನ್ನ ದೇವರಿಗಾಗುತ್ತೆ."

ಇವರು ನಗುತ್ತ ಬಚ್ಚಲಿಗೆ ಹೋಗುವರು. ನನಗೂ ನಗು ಬರುತ್ತಿತ್ತು. ಆದರೆ ಅತ್ತೆಯ ಎದುರು ನಗುವ ಧೈರ್ಯವಿರಲಿಲ್ಲ.

ನನ್ನ ಮೊದಲನೆಯದು ಐದು ತಿಂಗಳಿಗೆ ಹೋಯಿತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆ. ಇವರು ಎರಡು ದಿನ ನನ್ನ ಮಂಚದ ಪಕ್ಕ ಕೂತಿದ್ದರು, ಮೂರನೆಯ ದಿನ ಕೆಲಸಕ್ಕೆ ಹೋದರು. ತಪ್ಪೆಂದು ನಾನು ಹೇಳುವುದಿಲ್ಲ. ಅವರಿಗೂ ಎಲ್ಲಾದರೂ ಹೋಗಬೇಕಾಗಿತ್ತು. ಆದರೆ ಆಮೇಲೆ ಅದರ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಅತ್ತೆ ಬೈಯಲಿಲ್ಲ, ಅದು ದೇವರ ದಯೆ. ನಾದಿನಿಯ ಸೀಮಂತದಲ್ಲಿ ಮಾತ್ರ, ಎಲ್ಲರೂ ಆರತಿ ಎತ್ತುವಾಗ, "ನೀನು ಪಾಯಸ ನೋಡ್ಕೊ ಹೋಗಮ್ಮ" ಅಂದರು. ಹೋಗಿ ನೋಡಿಕೊಂಡೆ. ಸೌಟು ತಿರುಗಿಸುತ್ತ ಒಂದು ತೀರ್ಮಾನ ಮಾಡಿದೆ: ಇನ್ನೊಂದು ನಿಂತರೆ, ಗಟ್ಟಿಯಾಗುವ ತನಕ ಯಾರಿಗೂ ಬಾಯಿ ಬಿಡುವುದಿಲ್ಲ.

ನಿಂತಿತು. ಎರಡು ತಿಂಗಳು ದಾಟಿತ್ತು. ನನ್ನ ಮುಟ್ಟು ಮೊದಲಿನಿಂದಲೂ ಹಿಂದುಮುಂದಾಗುತ್ತಿದ್ದುದರಿಂದ ಅತ್ತೆಗೆ ಅನುಮಾನ ಬಂದಿರಲಿಲ್ಲ. ಸಂಕ್ರಾಂತಿಗೆ ಇನ್ನೊಂದು ವಾರ. ಹಜಾರದಲ್ಲಿ ಕೂತು ಕೊಬ್ಬರಿ ಹೆಚ್ಚುತ್ತಿದ್ದಾಗ ನಡು ಹಿಡಿದುಕೊಂಡಿತು. ಇವರು ಸ್ಯಾಂಪಲ್ ತರಲು ಊರಾಚೆ ಹೋಗಿದ್ದರು. ಬಚ್ಚಲಿಗೆ ಹೋಗಿ ನೋಡಿಕೊಂಡು ಬಂದು, ಅತ್ತೆಗೆ ದೂರದಿಂದಲೇ ಹೇಳಿದೆ. "ಅತ್ತೆ, ನಾನು ಹೊರಗಾದೆ."

"ಸರಿ, ಕೊಬ್ಬರಿ ಮುಟ್ಬೇಡ. ನಾನು ಹೆಚ್ಕೋತೀನಿ."

ನಮ್ಮ ಮನೆಯಲ್ಲಿ ತಿಂಗಳ ಮೂರು ದಿನ ಹೆಂಗಸರು ಹಿತ್ತಲ ಕೋಣೆಯಲ್ಲಿ ದೂರ ಕೂರುವ ಪದ್ಧತಿ ಇತ್ತು. ಬೇರೆ ಚಾಪೆ, ಬೇರೆ ತಟ್ಟೆ ಲೋಟ. ಅಡಿಗೆ ಇಲ್ಲ, ನೀರು ಹೊರುವುದಿಲ್ಲ, ಯಾರೂ ಹತ್ತಿರ ಬರುವುದಿಲ್ಲ. ಆ ಚಾಪೆಯ ಮೇಲೆ ನನ್ನ ಎರಡನೆಯದು ಹೋಯಿತು. ಆಚೆಗೆ ಎಲ್ಲರಿಗೂ ಅದು ಮಾಮೂಲಿ ಮೂರು ದಿನ. ಅತ್ತೆ ಬಾಗಿಲ ಹೊರಗೆ ತಟ್ಟೆ ಇಟ್ಟು, "ಈ ಸಲ ತಡವಾಯ್ತಲ್ಲೇ" ಎಂದರು, ಅಷ್ಟೆ. ಆ ಪದ್ಧತಿಯನ್ನು ಈಗಿನವರು ಬೈಯುತ್ತಾರೆ, ಬೈಯಲಿ. ನನಗೆ ಆವತ್ತು ಅದು ಬಾಗಿಲು ಹಾಕಿಕೊಳ್ಳಲು ಒಂದು ಜಾಗ ಕೊಟ್ಟಿತು. ಅಳುವುದಕ್ಕೂ ಮಲಗುವುದಕ್ಕೂ ಮೂರು ದಿನ. ದೇವರ ದಯೆ ಎಂದೇ ಅಂದುಕೊಂಡೆ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಅವತ್ತೇ ಇವರೂ ಬಂದರು. ಜಗಲಿಯಲ್ಲಿ ಬಾಕ್ಸು ಇಳಿಸಿ, "ಏ, ಕಾಫಿ ಕೊಡ್ತೀಯಾ? ನಲವತ್ತು ಸ್ಯಾಂಪಲ್ ಸಿಕ್ತು!" ಅಂದರು. ನನಗೆ ಮೈ ಸುಡುತ್ತಿತ್ತು. ಕಾಫಿ ಕೊಟ್ಟೆ. ಅಷ್ಟು ಖುಷಿಯಾಗಿದ್ದವರಿಗೆ ಏನು ಹೇಳುವುದು? ಆಮೇಲೆ ಹೇಳೋಣ ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಇವರ ಕೆಲಸ ಬೆಳೆಯುತ್ತ ಹೋಯಿತು. ಏಡ್ಸಿನ ಹೆದರಿಕೆ ಹೆಚ್ಚಾಗಿದ್ದ ವರ್ಷಗಳಲ್ಲಿ, ಆ ಕಾಯಿಲೆಯಿದ್ದ ಬಸುರಿಯರ ವಾರ್ಡಿಗೆ ದಿನವೂ ಹೋಗುತ್ತಿದ್ದರು. ಮಗುವಿನ ರಿಪೋರ್ಟು ಚೆನ್ನಾಗಿ ಬಂದ ದಿನ ಗಾಂಧಿ ಬಜಾರಿನಿಂದ ಹೂವು ತರುತ್ತಿದ್ದರು, ಯಾಕೆಂದು ಹೇಳುತ್ತಿರಲಿಲ್ಲ. ಚೆನ್ನಾಗಿ ಬರದ ದಿನ ಊಟಕ್ಕೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು. ಆ ಹೆಂಗಸರ ಕಷ್ಟವೆಲ್ಲ ಇವರಿಗೆ ಗೊತ್ತಿತ್ತು. ಯಾರಿಗೆ ಗಂಡ ಹೊಡೆಯುತ್ತಾನೆ, ಯಾರು ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ, ಎಲ್ಲ. ಕೇಳುತ್ತ ಕೂತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಂಥ ಕಷ್ಟದವರ ಮೇಲೆ ಹೊಟ್ಟೆಕಿಚ್ಚೇ ಎಂದು ದೊಡ್ಡ ಗಣಪತಿಗೆ ತಪ್ಪು ಕಾಣಿಕೆ ಹಾಕಿ ಬಂದಿದ್ದೇನೆ.

ಅತ್ತೆ ಹೋದರು. ಕೊರೋನಾ ಬಂದಾಗ ಇವರಿಗೆ ಲ್ಯಾಬಿನಲ್ಲಿ ಬಿಡುವಿಲ್ಲ. ಸೋಂಕು ಮನೆಗೆ ಬರಬಾರದೆಂದು ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಬಾಗಿಲ ಮುಂದಿನ ಸ್ಟೂಲಿನ ಮೇಲೆ ನಾನು ತಟ್ಟೆ ಇಟ್ಟು ಬರುತ್ತಿದ್ದೆ. ಉದ್ದನೆಯ ಮನೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ನಡುವೆ ಹಜಾರದ ಗಡಿಯಾರದ ಸದ್ದು. ಸಂಜೆ ದೀಪ ಹಚ್ಚಿ, ಆ ದಿನ ಆದ ಒಳ್ಳೆಯದನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಹಾಲು ಬಂತು, ಇವರು ಕೆಮ್ಮಲಿಲ್ಲ, ಸೊಪ್ಪಿನವಳು ಬೀದಿಗೆ ಬಂದಿದ್ದಳು. ಮೂರಕ್ಕೆ ನಿಂತುಬಿಡುವ ದಿನಗಳೇ ಜಾಸ್ತಿ.

ಹೋದ ವರ್ಷ ನಿವೃತ್ತಿಗೆ ಮುಂಚಿನ ಕೊನೆಯ ಕೆಲಸ ಶುರುವಾಯಿತು. ಬಸಿರು ಇಳಿದ ಮೇಲೆ ಎಷ್ಟು ಹೆಂಗಸರಿಗೆ ಸೋಂಕಾಗುತ್ತದೆ, ಅವರು ಯಾಕೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳುವುದು. ಮಾವಳ್ಳಿ, ಅಕ್ಕಿಪೇಟೆಯ ಗಲ್ಲಿಗಳಿಗೆ ಹೋಗಬೇಕಾದ ಹುಡುಗಿಯರಿಗೆ ಇವರು ಫೋನಿನಲ್ಲಿ ಪಾಠ ಹೇಳುವುದು ಅಡಿಗೆಮನೆಗೆ ಕೇಳುತ್ತಿತ್ತು. "ನೋಡಮ್ಮಾ, ಉತ್ತರ ನಿಮಗೆ ಗೊತ್ತಿದ್ರೂ ನೀವೇ ಬರ್ಕೋಬೇಡಿ. ಅವರ ಬಾಯಿಂದ್ಲೇ ಬರಲಿ."

ಒಂದು ಭಾನುವಾರ ತಿಂಡಿಯಾದ ಮೇಲೆ ಪ್ರಶ್ನೆಗಳ ಹಾಳೆ ಹಿಡಿದು ಹಜಾರಕ್ಕೆ ಬಂದರು. "ಸ್ವಲ್ಪ ಕೂತ್ಕೊ. ಇದನ್ನ ಓದಕ್ಕೆ ಎಷ್ಟು ಹೊತ್ತಾಗುತ್ತೆ ನೋಡ್ಬೇಕು. ಭಾಷೆ ಅರ್ಥ ಆಗ್ದಿದ್ರೆ ಹೇಳು."

"ಅವರೆಕಾಯಿ ಬಿಡಿಸ್ತಾ ಹೇಳ್ಬಹುದಾ?"

"ಬಿಡಿಸು ಬಿಡಿಸು. ಅವರೂ ಏನಾದ್ರೂ ಮಾಡ್ತಾನೇ ಹೇಳ್ತಾರೆ."

ವಯಸ್ಸು, ಓದು, ಮದುವೆಯಾಗಿ ಎಷ್ಟು ವರ್ಷ. "ಮದುವೆಯಾಗಿ ಎಷ್ಟು ವರ್ಷ ಅಂತ ನಿಮಗೇ ಜ್ಞಾಪಕ ಇದ್ಯಾ?" ಎಂದೆ. "ಪ್ರಶ್ನೆ ಕೇಳೋನು ನಾನು" ಎಂದು ನಕ್ಕರು. ಹಾಗೇ ಮುಂದಿನ ಹಾಳೆ ತಿರುಗಿಸಿದರು. ಅಲ್ಲಿ ಬಾಯಿ ನಿಂತಿತು. ನನ್ನ ಮುಖ ನೋಡದೆ, ಏನೂ ಕೇಳದೆ, ಪೆನ್ನಿನಿಂದ ಏನೋ ಬರೆದು ಕೆಳಗಿನ ಪ್ರಶ್ನೆಗೆ ಹೋದರು.

"ಏನ್ ಬರ್ಕೊಂಡ್ರಿ?"

"ಏನಿಲ್ಲ. ಗೊತ್ತಿರೋದೇ."

"ಓದಿ."

"ಬೇಡ ಬಿಡೇ."

"ಓದಿ ಅಂದೆ."

ಇವರು ಮೆಲ್ಲಗೆ ಓದಿದರು. "ಗರ್ಭ ನಿಲ್ಲದೆ ಹೋದದ್ದುಂಟೇ? ಎಷ್ಟು ಬಾರಿ? ಒಂದು ಅಂತ ಬರ್ದಿದೀನಿ."

ನನ್ನನ್ನು ನೋಯಿಸಬಾರದು ಎಂದೇ ಕೇಳದೆ ಬರೆದುಕೊಂಡಿದ್ದರು. ಅದು ನನಗೆ ಗೊತ್ತು. ಆದರೂ ಆ ಒಂದು ಎಂಬುದನ್ನು ಕೇಳಿ, ಹೋದ ಇನ್ನೊಂದನ್ನು ಯಾರೋ ಎರಡನೆಯ ಸಲ ತೆಗೆದು ಹೊರಗಿಟ್ಟ ಹಾಗಾಯಿತು.

"ಎರಡು" ಎಂದೆ.

"ಏನು?"

"ಎರಡು ಅಂತ ಬರ್ಕೊಳಿ."

ಇವರು ಒಂದು ಎಂಬುದನ್ನು ಹೊಡೆದು ಎರಡು ಎಂದು ತಿದ್ದಿದರು. ಆಮೇಲೆ ಬೇರೆ ದಾರಿ ತೋಚದೆಯೋ ಏನೋ, ಹಾಳೆಯಲ್ಲಿದ್ದ ಮುಂದಿನ ಪ್ರಶ್ನೆಯನ್ನೇ ಕೇಳಿದರು. ಎಷ್ಟು ತಿಂಗಳು. ಎಲ್ಲಿ. ಆಗ ಜೊತೆಯಲ್ಲಿ ಯಾರಿದ್ದರು. ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಹಿತ್ತಲ ಕೋಣೆ. ಯಾರೂ ಇರಲಿಲ್ಲ. ದೂರ ಕೂತಿದ್ದೇನೆಂದು ಅತ್ತೆ ತಿಳಿದಿದ್ದರು. ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರದ ಮಾತುಗಳು, ಅಚ್ಚಾಗಿ ಸಾಲಾಗಿ ಅಲ್ಲಿದ್ದವು.

"ಆಮೇಲೆ ಜ್ವರ ಬಂತಾ?"

"ಬಂತು. ನಾಲ್ಕೈದು ದಿನ ಇತ್ತು. ಕೆಳಹೊಟ್ಟೆ ನೋವು ಒಂದು ತಿಂಗಳು ಹೋಗ್ಲಿಲ್ಲ."

ಪೆನ್ನು ನಿಂತಿತು. "ಜ್ವರ ಇಟ್ಕೊಂಡೇ ಅಡಿಗೆ ಮಾಡಿದ್ಯಾ? ನನಗೆ ಕಾಫಿ ಕೊಟ್ಯಾ?"

"ಕೊಟ್ಟೆ."

"ನಿನ್ನ ಜೀವಕ್ಕೇ ಬರ್ತಿತ್ತಲ್ಲೇ. ನಾನು ಊರೂರು ತಿರುಗ್ತಾ ಇದ್ದೆ. ಇದನ್ನೇ ಹುಡುಕ್ತಾ ಇದ್ದೆ."

ನಾನು ಅವರೆಕಾಳಿನ ಪಾತ್ರೆ ಪಕ್ಕಕ್ಕಿಟ್ಟೆ. "ರೀ, ಅದಾದ ಮೇಲೆ ನನಗೆ ನಿಲ್ಲಲೇ ಇಲ್ವಲ್ಲ. ಅದಕ್ಕೇನಾ?"

ಸುಳ್ಳು ಹೇಳುವುದು ಇವರಿಗೆ ಸುಲಭವಿತ್ತು. ಹೇಳಲಿಲ್ಲ. "ಇರ್ಬಹುದು. ಈಗ ಗೊತ್ತಾಗಲ್ಲ. ಆವತ್ತು ಮಾತ್ರೆ ಕೊಟ್ಟಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ನಾನು ಎದ್ದು ದೇವರ ಗೂಡಿನ ಮುಂದೆ ಕೂತೆ. ಏನನ್ನೂ ಕೇಳಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಹಜಾರದಲ್ಲಿ ಇವರು ಒಂದೊಂದೇ ಅವರೆಕಾಯಿ ಬಿಡಿಸುವ ಸದ್ದು ಕೇಳುತ್ತಿತ್ತು. ಇವರಿಗೆ ಆ ಕೆಲಸ ಬರುವುದಿಲ್ಲ. ಕಾಳಿಗಿಂತ ಸಿಪ್ಪೆಯೇ ಪಾತ್ರೆಗೆ ಬೀಳುತ್ತದೆ.

ಒಂದು ವಾರ ನಾವು ಊಟ, ನೀರು, ಬೀಗದ ಕೈ, ಇಷ್ಟೇ ಮಾತಾಡಿದೆವು. ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಮೊದಲು ಒಬ್ಬಳೇ ಹೊತ್ತಿದ್ದೆ, ಈಗ ಇಬ್ಬರೂ ಬೇರೆಬೇರೆಯಾಗಿ ಹೊರುತ್ತಿದ್ದೆವು.

ಮುಂದಿನ ಭಾನುವಾರ ತಿದ್ದಿದ ಹಾಳೆ ತಂದು ನನ್ನ ಮುಂದಿಟ್ಟರು. ಅದರಲ್ಲಿ ಹೊಸದೊಂದು ಪ್ರಶ್ನೆ ಸೇರಿತ್ತು. 'ಮುಟ್ಟು ತಡವಾಗಿ ಬಂದು, ಅದು ಗರ್ಭವಿರಬಹುದೆಂದು ತಿಳಿದೂ ಯಾರಿಗೂ ತಿಳಿಸದ ಸಂದರ್ಭವಿತ್ತೇ?'

"ಇದು ಸರಿ ಇದ್ಯಾ?" ಎಂದರು. ಪೆನ್ನನ್ನು ನನ್ನ ಕಡೆ ಚಾಚಿದ್ದರು.

ನಾನು ಆ ಸಾಲನ್ನು ಹೊಡೆದು ಹಾಕಿ, ಕೆಳಗೆ ನನ್ನ ಅಕ್ಷರದಲ್ಲಿ ಬರೆದೆ. 'ತಡವಾಗಿ ಹೊರಗಾದಾಗ, ಇದು ಬಸಿರೇ ಇಳಿದದ್ದು ಎಂದು ನಿಮಗೊಬ್ಬರಿಗೇ ಗೊತ್ತಿದ್ದು, ಯಾರಿಗೂ ಹೇಳದೆ ಸುಮ್ಮನಾದದ್ದು ಉಂಟಾ?'

ಇವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. "ಮೊದಲಿಗೇ ಕೇಳಿಸ್ಲಾ, ಕೊನೇಲಾ?"

"ಕೊನೇಲಿ. ಅಷ್ಟು ಹೊತ್ತಿಗೆ ಒಂಚೂರು ಪರಿಚಯ ಆಗಿರುತ್ತೆ. ಆಮೇಲೆ ಆ ಹುಡುಗೀರಿಗೆ ಹೇಳಿ, ಅತ್ತೆ ಮನೇಲಿದ್ರೆ ಕೇಳ್ಬೇಡಿ ಅಂತ. ಗಂಡ ಇದ್ರೂ ಬೇಡ. ಇನ್ನೊಂದು ದಿನ ಹೋಗ್ಲಿ."

ಅದನ್ನೂ ಬರೆದುಕೊಂಡರು.