ಮಾವನ ಎರಡು ಗಿಡ, ನನ್ನ ಐದು ಸಿಗರೇಟು

ಹೋದ ಮಂಗಳವಾರ ನಮ್ಮ ಸೋದರಮಾವನನ್ನು ಪೊಲೀಸರು ಹಿಡಿದರು. ವಯಸ್ಸು ಎಪ್ಪತ್ತೆರಡು. ಊರು ಕಣಕಟ್ಟೆ. ಅಪರಾಧ? ಹಿತ್ತಲಲ್ಲಿ ಎರಡು ಗಾಂಜಾ ಗಿಡ.

ಕಾಲೇಜಿನಲ್ಲಿ ಪಾಠ ಅರ್ಧಕ್ಕೇ ಬಿಟ್ಟು ಠಾಣೆಗೆ ಓಡಿದೆ. (ಓಡಿದೆ ಅಂದರೆ ಆಟೋದಲ್ಲಿ. ನನ್ನ ಶ್ವಾಸಕೋಶದ ವಿಚಾರ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ.)

ಮಾವ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದರು. ಇನ್ಸ್‌ಪೆಕ್ಟರ್ ಬರುವುದು ಮೂರು ಗಂಟೆ ತಡವಾಯಿತು. ಅಷ್ಟರಲ್ಲಿ ನಾನು ಐದು ಸಲ ಗೇಟಿನಾಚೆ ಹೋಗಿ ಸಿಗರೇಟು ಸೇದಿ ಬಂದೆ. ಒಂದೊಂದಕ್ಕೂ ಒಂದೊಂದು ನೆಪ. ಎಸ್‌ಟಿಡಿ ಬೂತ್‌ಗೆ ಹೋಗಬೇಕು, ಲಾಯರ್ ಬಂದರಾ ನೋಡಬೇಕು.

ಐದನೇ ಸಲ ಬಂದವನು ಮೆಲ್ಲಗೆ ಕೇಳಿದೆ, "ನಿಮಗೆ ಸೇದಬೇಕು ಅನ್ನಿಸ್ತಿಲ್ವಾ ಮಾವ?"

"ಏನನ್ನ?"

"ಅದೇ, ನಿಮ್ಮದು."

"ಶಿವರಾತ್ರೀಲಿ ಸೇದಿದ್ದು ಕಣಪ್ಪ. ಆಮ್ಯಾಕೆ ನೆಪ್ಪೇ ಆಗಿಲ್ಲ."

ಊರಲ್ಲಿ ಆಗಲೇ ದೀಪಾವಳಿ ಪಟಾಕಿ ಮಾರಾಟ ಶುರುವಾಗಿತ್ತು.

ಹದಿನೈದು ದಿನದ ಹಿಂದೆ ಇದೇ ಅಂಕಣದಲ್ಲಿ ನಾನು ಏನು ಬರೆದಿದ್ದೆ? ಚಟ ಹಿಡಿಸುವ ವಸ್ತುವನ್ನು ಕಾನೂನು ನಿಷೇಧಿಸುವುದೇ ಸರಿ ಅಂತ. ಮೆಚ್ಚಿ ನಾಲ್ಕು ಪತ್ರ ಬೇರೆ ಬಂದವು. ಹಾಗಾದರೆ ಮೊದಲು ಒಳಗೆ ಹಾಕಬೇಕಾದ್ದು ಯಾರನ್ನ? ಸಿಗರೇಟು ಹಚ್ಚದೆ ಬೆಳಗ್ಗೆ ಬಚ್ಚಲಿಗೂ ಹೋಗಲಾರದ ನನ್ನನ್ನಲ್ಲವೆ? (ಗಾಂಜಾ ಒಳ್ಳೆಯದು ಅಂತಲ್ಲ. ಅದರಿಂದ ತಲೆ ಕೆಡಿಸಿಕೊಂಡವರನ್ನೂ ಕಂಡಿದ್ದೇನೆ. ಆದರೆ ನಾನು ಬರೆದದ್ದು ಚಟದ ಬಗ್ಗೆ.)

ಇನ್ಸ್‌ಪೆಕ್ಟರ್ ಬಂದರು. ಒಳ್ಳೆಯ ಮನುಷ್ಯ. "ಗಿಡ ಸಿಕ್ಕಿದೆ ಮೇಷ್ಟ್ರೇ, ಕೇಸ್ ಹಾಕದೆ ಆಗಲ್ಲ" ಅಂದು, ತಾವೊಂದು ಸಿಗರೇಟು ಹಚ್ಚಿ, ಪ್ಯಾಕನ್ನು ನನ್ನ ಕಡೆ ಚಾಚಿದರು.

ತೆಗೆದುಕೊಂಡೆ. ಮಾವನ ಎದುರಿಗೇ.

ಗುರುವಾರ ಜಾಮೀನು ಸಿಕ್ಕಿತು. ಸಹಿ ಹಾಕಿದವನು ನಾನೇ. ಹೊರಗೆ ಬಂದ ಮಾವನ ಕಾಲು ಊದಿಕೊಂಡಿತ್ತು. ನನ್ನ ತೋಳು ಹಿಡಿದು ಅರಸೀಕೆರೆ ಬಸ್ ಸ್ಟ್ಯಾಂಡಿನವರೆಗೂ ತಲೆ ತಗ್ಗಿಸಿಯೇ ನಡೆದರು. ಪರಿಚಯದವರು ಕಂಡರೆ ಟವೆಲ್ಲನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಇಂಥ ಹೊತ್ತಲ್ಲಿ ನನ್ನ ಕೈ ತಾನಾಗಿ ಸಿಗರೇಟಿನ ಜೇಬಿಗೆ ಹೋಗುತ್ತದೆ. ಹೋಯಿತು.

ಮಾವ ನೋಡಿದರು. "ನಾನಂತೂ ಇನ್ನು ಆ ಗಿಡದ ತಂಟೆಗೆ ಹೋಗಾಕಿಲ್ಲ. ನೀನು ಯಾವಾಗ ಬಿಡ್ತೀಯ?"

"ನಂದು ಕಾನೂನು ಪ್ರಕಾರ ತಪ್ಪಲ್ಲ ಮಾವ."

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ, ನಿಜವಾದ ಮರುಕದಿಂದ ಕೇಳಿದರು:

"ಹಂಗಾದ್ರೆ ನಿನ್ನ ಯಾರ್ಲಾ ಬಿಡಿಸ್ತಾರೆ?"